ಕರಿಯಣ್ಣನ ಅಳತೆಗಳು

ಪುಣೆ
18 ನವೆಂಬರ್ 1996

ಕರಿಯಣ್ಣನವರಿಗೆ,

ಲಕೋಟೆಯ ಮೇಲೆ ಕನ್ನಡ ಅಕ್ಷರ ಕಂಡಾಗಲೇ ಯಾರದೆಂದು ತಿಳಿದಿರುತ್ತೀರಿ. ಊಟಿಯ ಆ ಕಾಲೇಜಿನಲ್ಲಿ ಎಲ್ಲರೂ ತಮಿಳಿನಲ್ಲಿ ಬರೆಯುವಾಗ ಕನ್ನಡ ಬರೆಯಬಲ್ಲವರು ನಾವಿಬ್ಬರೇ. ನೀವು ಗುಂಡ್ಲುಪೇಟೆಯ ಸೋದರತ್ತೆಯ ಮನೆಯಲ್ಲಿದ್ದು ಐದನೇ ತರಗತಿ ಓದಿದವರು. ನಾನು ಮಸಿನಗುಡಿಯಿಂದ ಹೋಗಿ ಅದೇ ಊರಿನ ಹಾಸ್ಟೆಲಿನಲ್ಲಿ ಹತ್ತನೆಯದು ಮುಗಿಸಿದವಳು.

ಒಂಬತ್ತು ವರ್ಷ ನಾನು ಬರೆಯಲಿಲ್ಲ. ಏಕೆಂದು ಇಬ್ಬರಿಗೂ ಗೊತ್ತು. ಅದನ್ನು ಬರೆಯಲು ಇವತ್ತೂ ಕೈ ಬರುತ್ತಿಲ್ಲ.

ನಾನೀಗ ಇಲ್ಲಿಯ ಒಂದು ಸಂಶೋಧನಾಲಯದಲ್ಲಿದ್ದೇನೆ. ನಮ್ಮದು ಡಿಸ್ಕಿನ ಕೆಲಸ. ಅಂಗೈಯಗಲದ ತಟ್ಟೆಯ ಮೇಲೆ ತೆಳುವಾದ ಕಾಂತದ ಲೇಪ. ಅದರೊಳಗೆ ಕೋಟಿಗಟ್ಟಲೆ ಚುಕ್ಕಿಗಳು, ಕೆಲವು ಮೇಲ್ಮುಖ, ಕೆಲವು ಕೆಳಮುಖ. ಬರೆದಿಟ್ಟ ಮಾಹಿತಿಯೆಲ್ಲ ಅಷ್ಟೇ. ಓದಬೇಕಾದರೆ ಲೇಸರ್ ಬೆಳಕು ಬಿಡುತ್ತೇವೆ. ನೀವು ಪೋಲಾರಿಮೀಟರಿನಲ್ಲಿ ಸಕ್ಕರೆ ನೀರು ಇಟ್ಟಾಗ ಬೆಳಕಿನ ಕಂಪನ ಸ್ವಲ್ಪ ಓರೆಯಾಗುತ್ತಿತ್ತಲ್ಲ, ಹಾಗೆಯೇ ಈ ಚುಕ್ಕಿಯಿಂದ ಹಿಂದಿರುಗುವ ಬೆಳಕೂ ಓರೆಯಾಗುತ್ತದೆ. ಮೇಲ್ಮುಖದ್ದಾದರೆ ಒಂದು ಕಡೆಗೆ, ಕೆಳಮುಖದ್ದಾದರೆ ಇನ್ನೊಂದು ಕಡೆಗೆ. ಆದರೆ ಅರ್ಧ ಡಿಗ್ರಿಗೂ ಕಡಿಮೆ.

ದೊಡ್ಡ ಚುಕ್ಕಿಗಳನ್ನು ಚೆನ್ನಾಗಿ ಓದುತ್ತೇವೆ. ನಮಗೆ ಬೇಕಾಗಿರುವುದು ಮಿಲಿಮೀಟರಿನ ಎರಡು ಸಾವಿರದಲ್ಲಿ ಒಂದು ಪಾಲಿನಷ್ಟು ಸಣ್ಣವು. ಹಿಂದಿರುಗಿದ ಬೆಳಕನ್ನು ಪ್ರಿಸಂನಿಂದ ಎರಡಾಗಿ ಒಡೆದು, ಒಂದರಿಂದ ಇನ್ನೊಂದನ್ನು ಕಳೆಯುತ್ತೇವೆ. ಎರಡೂ ಸಮನಾಗಿದ್ದರೆ ಗದ್ದಲವೆಲ್ಲ ಕಳೆದುಹೋಗಿ ಚುಕ್ಕಿ ಮಾತ್ರ ಉಳಿಯಬೇಕು. ಬೆಳಿಗ್ಗೆ ಸಮ ಮಾಡಿಡುತ್ತೇನೆ, ಮಧ್ಯಾಹ್ನದ ಹೊತ್ತಿಗೆ ತಪ್ಪಿರುತ್ತದೆ. ಆರು ತಿಂಗಳಿಂದ ಇದೇ ಪಾಡು. ಇದನ್ನೆಲ್ಲ ನಿಮಗೇಕೆ ಬರೆಯುತ್ತಿದ್ದೇನೆಂದರೆ, ಬೆಳಕನ್ನು ಸಮ ಮಾಡುವುದನ್ನು ನನಗೆ ಕಲಿಸಿದವರು ಮೇಷ್ಟ್ರುಗಳಲ್ಲ, ಡಾರ್ಕ್ ರೂಮಿನ ಅಟೆಂಡರ್ ಆಗಿದ್ದ ನೀವು.

ನಿಮ್ಮ ಆರೋಗ್ಯ ತಿಳಿಸಿ.

ನಂದಿನಿ

*

ಲವ್‌ಡೇಲ್, ಊಟಿ
2-12-96

ನಂದಿನಿ ಅಮ್ಮಣಿಯವರಿಗೆ ಕರಿಯ ಬರೆದುಕೊಳ್ಳುವುದು.

ನಿಮ್ಮ ಪತ್ರ ಫಿಸಿಕ್ಸ್ ವಿಭಾಗಕ್ಕೆ ಹೋಗಿ, ಅಲ್ಲಿ ನಾಲ್ಕು ದಿನ ಇದ್ದು, ಆಮೇಲೆ ನನ್ನ ಕೈಗೆ ಬಂತು. ನಾನೀಗ ಡಾರ್ಕ್ ರೂಮಿನ ಕಡೆ ಇಲ್ಲ. 87ರಿಂದ ಸಸ್ಯಶಾಸ್ತ್ರದವರ ಗಾಜಿನ ಮನೆಯಲ್ಲಿದ್ದೇನೆ. ಕುಂಡಗಳಿಗೆ ನೀರು, ಗೊಬ್ಬರ, ಹಿಮ ಬೀಳುವ ಕಾಲಕ್ಕೆ ಗೋಣಿ ಹೊದಿಸುವುದು. ಕೆಲಸ ಕಷ್ಟವೇನಲ್ಲ. ಬರುವ ಮೇ ತಿಂಗಳಿಗೆ ನಿವೃತ್ತಿ.

ಮನೆಯಲ್ಲಿ ಲಿಂಗಮ್ಮ ಚೆನ್ನಾಗಿದ್ದಾಳೆ. ಮಗಳ ಮದುವೆ ಆಯಿತು. ಹಟ್ಟಿಯಲ್ಲಿ ಈಗ ಎಲ್ಲರ ಹೊಲವೂ ಟೀ. ಆಲೂಗಡ್ಡೆ ಹಾಕುವವರು ನಾನು ಮತ್ತು ಇನ್ನೊಬ್ಬ.

ನಿಮ್ಮ ಲೇಸರ್ ನನಗೆ ಗೊತ್ತಿಲ್ಲ. ಬೆಳಿಗ್ಗೆ ಸರಿಯಿದ್ದು ಮಧ್ಯಾಹ್ನ ತಪ್ಪುತ್ತದೆ ಎಂದಿದ್ದೀರಿ, ಅದು ಗೊತ್ತು. ಪೋಲಾರಿಮೀಟರಿನ ಕೊಳವೆಯ ಎರಡು ತುದಿಗೂ ಗಾಜಿನ ಬಿಲ್ಲೆ, ಅದರ ಮೇಲೆ ಹಿತ್ತಾಳೆಯ ಮುಚ್ಚಳ. ಹುಡುಗರು ನೀರು ಸೋರೀತು ಅಂತ ಮುಚ್ಚಳವನ್ನು ಬಲವಾಗಿ ತಿರುಗಿಸುವರು. ಆಗ ಬರಿ ನೀರು ಹಾಕಿದರೂ ಸಕ್ಕರೆ ಇದ್ದಂತೆ ತೋರಿಸುವುದು. ಗಾಜನ್ನು ಅಮುಕಿದರೆ ಅದಕ್ಕೆ ನೋವಾಗುತ್ತದೆ. ನೋವಾದ ಗಾಜು ಬೆಳಕನ್ನು ಕೆಡಿಸುತ್ತದೆ. ಚಳಿಗೆ ಹಿತ್ತಾಳೆ ಬಿಗಿಯುತ್ತದೆ, ಬಿಸಿಲಿಗೆ ಸಡಿಲುತ್ತದೆ, ಅದಕ್ಕೇ ಹೊತ್ತಿಗೊಂದು ಲೆಕ್ಕ.

ನೀವು ಯಾವುದಾದರೂ ಗಾಜನ್ನು ಸ್ಕ್ರೂ ಹಾಕಿ ಬಿಗಿ ಮಾಡಿದ್ದೀರಾ?

ಕರಿಯ

*

ಪುಣೆ
12 ಡಿಸೆಂಬರ್ 1996

ಕರಿಯಣ್ಣನವರಿಗೆ,

ನೀವು ಗಾಜಿನ ಮನೆಯಲ್ಲಿರುವ ವಿಷಯ ನನಗೆ ತಿಳಿದಿರಲಿಲ್ಲ. ತಿಳಿದುಕೊಳ್ಳುವ ಪ್ರಯತ್ನವನ್ನೂ ಮಾಡಿರಲಿಲ್ಲ. ಪತ್ರವನ್ನು ಎರಡು ದಿನ ಮೇಜಿನ ಮೇಲೆ ಮಡಚಿಟ್ಟಿದ್ದೆ.

ನೀವು ಹೇಳಿದ್ದು ಪುಸ್ತಕದಲ್ಲೂ ಇದೆ. ಆದರೆ ನಮ್ಮ ಪ್ರಿಸಂ ಹೊರದೇಶದ್ದು, ಒಳ್ಳೆಯ ಗಾಜು. ಅದನ್ನು ಕೂರಿಸುವ ಚೌಕಟ್ಟನ್ನು ನಾನೇ ಮಾಡಿಸಿದೆ, ನಾಲ್ಕು ಸ್ಕ್ರೂಗಳನ್ನೂ ನಾನೇ ಬಿಗಿದೆ. ಅಲ್ಲಿ ತಪ್ಪಿರಲಾರದು. ಇಲ್ಲಿ ಎಲ್ಲರೂ ಹೇಳುತ್ತಿರುವುದು ಡಿಸ್ಕಿನ ಲೇಪವೇ ಕೆಟ್ಟದ್ದು, ಬಿಸಿಯಾದಂತೆ ಅದರ ಗುಣ ಬದಲಾಗುತ್ತದೆ ಎಂದು. ಲೇಪ ಮಾಡುವವರು ಜಯರಾಮನ್ ಎಂಬವರು. ಈರೋಡಿನ ಕಡೆಯವರು, ಮಾತು ಕಡಿಮೆ. ಜನವರಿ ಇಪ್ಪತ್ತಕ್ಕೆ ಸಮಿತಿ ಸೇರುತ್ತದೆ. ಅವರನ್ನು ಯೋಜನೆಯಿಂದ ತೆಗೆದು, ಲೇಪದ ಕೆಲಸವನ್ನು ಹೊರಗೆ ಕೊಡುತ್ತಾರೆಂದು ಸುದ್ದಿ.

ತಪ್ಪು ಲೇಪದ್ದೇ ಎಂದು ನನಗೂ ಅನಿಸುತ್ತದೆ. ಹಾಗೆ ಅನಿಸುವುದು ನನಗೆ ಅನುಕೂಲವೂ ಹೌದು. ಇದನ್ನು ನಿಮ್ಮ ಹತ್ತಿರ ಮಾತ್ರ ಹೇಳಬಲ್ಲೆ.

ನಂದಿನಿ

*

ಲವ್‌ಡೇಲ್
30-12-96

ನಂದಿನಿ ಅಮ್ಮಣಿಯವರಿಗೆ,

ಅಲ್ಲಿ ತಪ್ಪಿರಲಾರದು ಎಂದು ಬರೆದಿದ್ದೀರಿ. ನೋಡಿದ್ದೇನೆ ಎಂದು ಬರೆದಿಲ್ಲ. ಆದ್ದರಿಂದ ನಾನೇ ಇಲ್ಲಿ ನೋಡಿದೆ.

ಕ್ರಿಸ್‌ಮಸ್ ರಜೆ, ಕಾಲೇಜು ಖಾಲಿ. ಡಾರ್ಕ್ ರೂಮಿನ ಬೀಗದ ಕೈ ಈಗ ಹಾಲನ್ ಹತ್ತಿರ. ನಮ್ಮ ಪಕ್ಕದ ಹಟ್ಟಿಯವನು. ಕೇಳಿದೆ. "ಒಳಗ ಬಾ ಅಣ್ಣಾ, ಯಾರು ಕೇಳಾಕೆ ಅದಾರೆ" ಎಂದ. ಒಂಬತ್ತು ವರ್ಷದ ಮೇಲೆ ಆ ಬಾಗಿಲು ದಾಟಿದೆ. ಪೋಲಾರಿಮೀಟರ್ ಅದೇ ಮೂಲೆಯಲ್ಲಿತ್ತು. ಒಳಗಿನ ಬಿಲ್ಲೆ ಹೊಸದು ಹಾಕಿಸಿದ್ದಾರೆ.

ಮೂರು ದಿನ ನೋಡಿದೆ. ಬೆಳಿಗ್ಗೆ ಏಳಕ್ಕೆ, ಹತ್ತಕ್ಕೆ, ಮಧ್ಯಾಹ್ನ ಎರಡಕ್ಕೆ. ಹೊರಗೆ ಹುಲ್ಲಿನ ಮೇಲೆ ಬಿಳಿ ಹಿಮ, ಕೈ ಮರಗಟ್ಟಿತ್ತು. ಕೊಳವೆಗೆ ಬರಿ ನೀರು. ಮುಚ್ಚಳ ಸಡಿಲ ಇದ್ದಾಗ ಯಾವ ಹೊತ್ತಿಗೂ ಸೊನ್ನೆ. ಬಲವಾಗಿ ಬಿಗಿದಾಗ ಏಳು ಗಂಟೆಗೆ 0.35 ಡಿಗ್ರಿ, ಎರಡು ಗಂಟೆಗೆ 0.15. ನಿಮ್ಮ ಚುಕ್ಕಿ ಓರೆ ಮಾಡುವುದು ಅರ್ಧ ಡಿಗ್ರಿಗೂ ಕಡಿಮೆ ಅಂದಿರಿ. ನಮ್ಮ ಮುಚ್ಚಳವೇ ಅಷ್ಟು ಮಾಡುತ್ತದೆ.

ಎರಡನೇ ದಿನ ಗಾಯತ್ರಿ ಮೇಡಂ ಬಂದುಬಿಟ್ಟರು. ಹೊಸಬರು, ಕೂನೂರಿನವರು. "ನೀವು ಗಿಡದ ಕಡೆಯವರಲ್ವಾ? ಇಲ್ಲೇನ್ ಮಾಡ್ತಾ ಇದ್ದೀರಿ?" ಎಂದರು. ಹಾಲನ್ ಗೋಡೆಗೆ ಅಂಟಿ ನಿಂತ.

"ಗಾಜಿಗೆ ನೋವಾಗಿದೆಯಾ ಅಂತ ನೋಡ್ತಾ ಇದ್ದೆ, ಮೇಡಂ" ಎಂದೆ.

ಅವರು ಹತ್ತಿರ ಬಂದು ಕಣ್ಣಿಟ್ಟು ನೋಡಿದರು. ಮುಚ್ಚಳ ಸಡಿಲ ಮಾಡಿ ನೋಡಿದರು, ಬಿಗಿ ಮಾಡಿ ನೋಡಿದರು. ಆಮೇಲೆ ಚೀಲದಿಂದ ಪುಸ್ತಕ ತೆಗೆದು, "ನೀವು ಓದಿ, ನಾನು ಬರ್ಕೋತೀನಿ" ಎಂದರು. ಆ ಹಾಳೆಯ ಪ್ರತಿಯನ್ನು ಇದರೊಡನೆ ಇಟ್ಟಿದ್ದೇನೆ.

ನೀವು ಇಷ್ಟು ಮಾಡಿ. ಬೆಳಕು ಪೂರ್ತಿ ನಿಲ್ಲುವ ಹಾಗೆ ಎರಡು ಪೋಲರಾಯ್ಡ್ ಹಾಳೆ ಒಂದಕ್ಕೊಂದು ಅಡ್ಡ ಇಡಿ. ನಡುವೆ ನಿಮ್ಮ ಪ್ರಿಸಂ ಅನ್ನು ಚೌಕಟ್ಟಿನ ಸಮೇತ ಇಡಿ. ಕತ್ತಲೆ ಇದ್ದರೆ ನಾನು ಹೇಳಿದ್ದು ತಪ್ಪು. ಬೆಳಕು ಕಂಡರೆ, ಆ ಜಯರಾಮನ್ ಅವರನ್ನು ಬಿಟ್ಟುಬಿಡಿ.

ಕರಿಯ

*

ಪುಣೆ
21 ಜನವರಿ 1997

ಕರಿಯಣ್ಣ,

ನಾಲ್ಕು ಮೂಲೆಯಲ್ಲೂ ಬೆಳಕು ಇತ್ತು. ಒಂದೊಂದು ಸ್ಕ್ರೂ ಇರುವ ಜಾಗದಲ್ಲಿ ಒಂದೊಂದು ಬಿಳಿ ಗರಿ ಬಿಚ್ಚಿಕೊಂಡ ಹಾಗೆ. ನಾನೇ ತಿರುಗಿಸಿದ ಸ್ಕ್ರೂಗಳು.

ಇದನ್ನು ನೋಡಿದ್ದು ಹತ್ತನೇ ತಾರೀಖಿಗೆ. ಹತ್ತು ದಿನ ಯಾರಿಗೂ ಹೇಳಲಿಲ್ಲ. ಚೌಕಟ್ಟನ್ನು ಸದ್ದಿಲ್ಲದೆ ಬದಲಾಯಿಸಬಹುದಿತ್ತು. ಜಯರಾಮನ್ ಹೋಗುತ್ತಿದ್ದರು, ಹೊಸ ಲೇಪ ಬರುತ್ತಿತ್ತು, ಡಿಸ್ಕು ಓದುತ್ತಿತ್ತು, ಎಲ್ಲರೂ ಹೊಸ ಲೇಪದ ಗುಣ ಎನ್ನುತ್ತಿದ್ದರು. ಕಾಗದದ ಮೇಲೆ ಬರೆದರೆ ಎಷ್ಟು ಸುಲಭ ಕಾಣುತ್ತದೆ ನೋಡಿ.

ನಿನ್ನೆ ಸಮಿತಿ ಸೇರಿತು. ಜಯರಾಮನ್ ಕೊನೆಯ ಕುರ್ಚಿಯಲ್ಲಿ ಕೂತು, ಮುಂದಿದ್ದ ಕಡತವನ್ನು ತೆರೆಯದೆ ಅದರ ಅಂಚನ್ನೇ ಸವರುತ್ತಿದ್ದರು. ನಿರ್ದೇಶಕರು ಲೇಪದ ವಿಷಯ ಎತ್ತಿದರು. ನಾನು ಎದ್ದು ನಿಂತೆ. ಎರಡು ಪೋಲರಾಯ್ಡ್ ಹಾಳೆಗಳನ್ನೂ ಪ್ರಿಸಂ ಅನ್ನೂ ತಂದಿದ್ದೆ. ಕಿಟಕಿಗೆ ಹಿಡಿದು ಒಬ್ಬೊಬ್ಬರಿಗೂ ತೋರಿಸಿದೆ.

"ಹಾಗಾದರೆ ಎಂಟು ತಿಂಗಳ ಈ ತಪ್ಪು ಯಾರದು?" ಎಂದು ನಿರ್ದೇಶಕರು ಕೇಳಿದರು.

"ನನ್ನದು, ಸಾರ್."

ಅವರು ಕನ್ನಡಕ ತೆಗೆದು ಒರೆಸುತ್ತಾ, "ಸರಿಪಡಿಸಲು ಎಷ್ಟು ದಿನ ಬೇಕು?" ಎಂದರು. ಎಂಟು ವಾರ ಎಂದೆ. ಕೊಟ್ಟರು. ಹೊರಗೆ ಬಂದಾಗ ಜಯರಾಮನ್ ಮೆಟ್ಟಿಲ ಹತ್ತಿರ ಕಾಯುತ್ತಿದ್ದರು. ಬೈಯುತ್ತಾರೆಂದುಕೊಂಡೆ. "ವಾಂಗ, ಟೀ ಕುಡಿಯೋಣ" ಎಂದರು, ಅಷ್ಟೇ.

ಹೇಳಲು ಬೇಕಾದದ್ದು ಎರಡೇ ಪದ. 87ರಲ್ಲೂ ಅಷ್ಟೇ ಬೇಕಿತ್ತು. ಅದನ್ನು ಇವತ್ತು ಹೇಳಿದ್ದೇನೆ. ನಿಮ್ಮ ಕಾಲೇಜಿಗೆ ಇಂಗ್ಲಿಷಿನಲ್ಲಿ ಕಳಿಸಿದ ಪತ್ರದ ಕನ್ನಡ ಪ್ರತಿ ಇದರೊಡನೆ ಇದೆ. ನಿಮಗೆ ತಿಳಿಯದೆ ಅದು ಹೋಗಬಾರದು.

ನಂದಿನಿ

*

(ಜೊತೆಗಿದ್ದ ಪ್ರತಿ)

ಪ್ರಿನ್ಸಿಪಾಲ್ ಶ್ರೀ ಬಾಲಸುಬ್ರಮಣಿಯನ್ ಅವರಿಗೆ,

ನಾನು 1984ರಿಂದ 87ರವರೆಗೆ ನಿಮ್ಮ ಕಾಲೇಜಿನಲ್ಲಿ ಫಿಸಿಕ್ಸ್ ಓದಿದವಳು. 1987ರ ಮಾರ್ಚಿನಲ್ಲಿ, ಪ್ರಾಯೋಗಿಕ ಪರೀಕ್ಷೆಗೆ ಮೂರು ದಿನ ಮೊದಲು, ಡಾರ್ಕ್ ರೂಮಿನ ಪೋಲಾರಿಮೀಟರ್ ನೆಲಕ್ಕೆ ಬಿದ್ದು ಒಳಗಿನ ಕ್ವಾರ್ಟ್ಜ್ ಬಿಲ್ಲೆ ಒಡೆಯಿತು. ಲ್ಯಾಬ್ ಅಟೆಂಡರ್ ಕರಿಯ ಅವರು ಒರೆಸುವಾಗ ತಮ್ಮ ಕೈ ಜಾರಿತೆಂದು ಹೇಳಿಕೆ ಕೊಟ್ಟರು. ಆ ಕಾರಣಕ್ಕೆ ಅವರನ್ನು ವಿಭಾಗದಿಂದ ತೆಗೆಯಲಾಯಿತು.

ಬೀಳಿಸಿದ್ದು ನಾನು. ಊಟದ ವೇಳೆಯಲ್ಲಿ ಅಭ್ಯಾಸ ಮಾಡಲು ಬೀಗದ ಕೈ ಕೇಳಿ ಪಡೆದಿದ್ದೆ. ಅವರು ಆಗ ಕೋಣೆಯಲ್ಲೇ ಇರಲಿಲ್ಲ. ಹೇಳಿಕೆ ಕೊಡುವಾಗ ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಅವರ ದಾಖಲೆಯಲ್ಲಿರುವ ಬರಹವನ್ನು ತಿದ್ದಬೇಕೆಂದು ಕೋರುತ್ತೇನೆ. ಈ ಬಗ್ಗೆ ಎಲ್ಲಿ ಬೇಕಾದರೂ ಬಂದು ಹೇಳಲು ಸಿದ್ಧಳಿದ್ದೇನೆ.

ನಂದಿನಿ

*

ಲವ್‌ಡೇಲ್
10-2-97

ನಂದಿನಿ,

ಕೋಪದಲ್ಲಿ ಬರೆಯಬಾರದೆಂದು ಇಷ್ಟು ದಿನ ಸುಮ್ಮನಿದ್ದೆ.

ಕಳಿಸುವ ಮೊದಲು ನನ್ನನ್ನು ಒಂದು ಮಾತು ಕೇಳಬೇಕಿತ್ತು. ನೀನು ಬೀಳಿಸಿದ್ದು ನಿನ್ನದು, ಸರಿ. ಹೇಳಿದ ಸುಳ್ಳು ನನ್ನದು. ಅದನ್ನು ಯಾರೂ ನನ್ನಿಂದ ಹೇಳಿಸಲಿಲ್ಲ. ನಿನ್ನ ಮುಖ ಆ ದಿನ ಹೇಗಿತ್ತೆಂದು ನಾನು ನೋಡಿದ್ದೆ. ಪರೀಕ್ಷೆಗೆ ಕೂರಿಸದಿದ್ದರೆ ನಿನ್ನ ಅಪ್ಪ ನಿನ್ನನ್ನು ಮಸಿನಗುಡಿಗೆ ಕರೆದುಕೊಂಡು ಹೋಗಿ ಮದುವೆ ಮಾಡುತ್ತಿದ್ದ. ಕೈಯಲ್ಲಿ ಅಷ್ಟು ಹದ ಇದ್ದ ಇನ್ನೊಬ್ಬರನ್ನು ಆ ಕೋಣೆಯಲ್ಲಿ ನಾನು ಕಂಡಿರಲಿಲ್ಲ. ಬೀಗದ ಕೈ ಕೊಟ್ಟವನೂ ನಾನೇ. ಇಷ್ಟು ವರ್ಷ ನನಗೆ ನೋವಾಗಿದ್ದು ಗಾಜಿನ ಮನೆಗೆ ಹಾಕಿದ್ದಕ್ಕಲ್ಲ. ಪಾಸಾದ ಮೇಲೆ ನೀನು ಒಂದು ಸಾಲು ಬರೆಯಲಿಲ್ಲವಲ್ಲ, ಅದಕ್ಕೆ.

ಇದನ್ನು ಹೇಳಿ ಆಯಿತು. ಇನ್ನು ಹೇಳುವುದಿಲ್ಲ.

ಪ್ರಿನ್ಸಿಪಾಲರು ಕರೆಸಿದರು. ಗಾಯತ್ರಿ ಮೇಡಂ ಕೂಡ ಇದ್ದರು. ಪತ್ರವನ್ನು ಓದಿಸಿ, "ಇದು ನಿಜವಾ ಕರಿಯ?" ಎಂದು ಕೇಳಿದರು. "ನಿಜ ಸಾರ್" ಎಂದೆ. "ಎಂತಕ್ಕೆ ಸುಳ್ಳು ಹೇಳಿದೆ?" ಎಂದರು. "ಆ ಹುಡುಗಿ ಮುಂದಕ್ಕೆ ಓದ್ತಾಳೆ ಅಂತ, ಸಾರ್." "ಓದಿದಳಾ?" ಎಂದರು. ಗಾಯತ್ರಿ ಮೇಡಂ ನಕ್ಕುಬಿಟ್ಟರು. ಪ್ರಿನ್ಸಿಪಾಲರೂ ನಕ್ಕರು.

ಹೋದ ಸೋಮವಾರದಿಂದ ಡಾರ್ಕ್ ರೂಮಿಗೆ ಹಾಕಿದ್ದಾರೆ. ಇನ್ನು ನಾಲ್ಕು ತಿಂಗಳೂ ಇಲ್ಲ, ಆದರೂ ಹಾಕಿದ್ದಾರೆ. ಲಿಂಗಮ್ಮ ಆ ದಿನ ಬೆಳಿಗ್ಗೆ ನನ್ನ ಕೋಟಿಗೆ ಇಸ್ತ್ರಿ ಹಾಕಿಟ್ಟಿದ್ದಳು. ಬಸ್ ಸ್ಟಾಪಿನವರೆಗೂ ಬಂದಳು.

ನಿನ್ನ ಪ್ರಿಸಂ ಏನಾಯಿತು? ಸ್ಕ್ರೂ ತೆಗೆದು ಏನು ಹಾಕಿದೆ?

ಕರಿಯಣ್ಣ

*

ಪುಣೆ
15 ಮಾರ್ಚ್ 1997

ಕರಿಯಣ್ಣ,

ನೀವು 'ನೀನು' ಎಂದು ಬರೆದ ಪತ್ರವನ್ನು ಮೂರು ಸಲ ಓದಿದೆ. ಬೈದದ್ದನ್ನೂ ಸೇರಿಸಿ.

ಓದಿತು ಕರಿಯಣ್ಣ. ನಮ್ಮ ಡಿಸ್ಕು ಓದಿತು.

ಸ್ಕ್ರೂಗಳನ್ನು ಕಿತ್ತುಹಾಕಿ, ತೆಳುವಾದ ಸ್ಪ್ರಿಂಗ್ ತಗಡಿನ ಮೇಲೆ ಪ್ರಿಸಂ ಅನ್ನು ಸುಮ್ಮನೆ ಕೂರಿಸಿದೆವು. ಆಮೇಲೆ ಒಂದೊಂದು ಗಾಜಿನ ತುಂಡನ್ನೂ, ಲೆನ್ಸನ್ನೂ, ನೀವು ಹೇಳಿದ ಹಾಗೆ ಎರಡು ಪೋಲರಾಯ್ಡ್ ನಡುವೆ ಇಟ್ಟು ನೋಡಿದೆವು. ಅಂಟು ಹಾಕಿದ ಒಂದು ಲೆನ್ಸಿಗೂ ನೋವಾಗಿತ್ತು. ಅದರ ಅಂಟನ್ನು ಜಯರಾಮನ್ ತಮ್ಮ ಕೈಯಿಂದ ಬಿಡಿಸಿದರು. ಎರಡು ದಿನ ಹಿಡಿಯಿತು. ಡಿಸ್ಕಿನ ತಟ್ಟೆಯಲ್ಲೇ ಇರುವ ಅಲ್ಪಸ್ವಲ್ಪ ಎಳೆತವನ್ನು ಸರಿದೂಗಿಸಲು ಇನ್ನೊಂದು ತೆಳು ಫಲಕವನ್ನು ದಾರಿಯಲ್ಲಿಟ್ಟು, ಸಮ ಆಗುವವರೆಗೂ ತಿರುಗಿಸಿದೆವು.

ನಿನ್ನೆ ಪ್ರದರ್ಶನ. ಹವಾಮಾನದವರು ಕೊಟ್ಟ ಹತ್ತು ವರ್ಷದ ಉಪಗ್ರಹ ಚಿತ್ರಗಳನ್ನು ಒಂದೇ ಡಿಸ್ಕಿನಲ್ಲಿ ಬರೆದಿದ್ದೆವು. ಬೆಳಿಗ್ಗೆ ಒಂಬತ್ತಕ್ಕೆ ಓದಿಸಿದೆ, ಬಂತು. ಸಮಿತಿಯವರು ಎದ್ದು ಹೊರಡಲು ನೋಡಿದರು. "ಕೂತುಕೊಳ್ಳಿ, ಮಧ್ಯಾಹ್ನವಾಗಲಿ" ಎಂದೆ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿಸಿದೆ. ಪುಣೆಯ ಮಾರ್ಚ್ ತಿಂಗಳು. ಎರಡು ಗಂಟೆಗೆ ಎಲ್ಲರ ಅಂಗಿ ಬೆನ್ನಿಗೆ ಅಂಟಿತ್ತು. ಯಾವುದನ್ನೂ ಮುಟ್ಟದೆ ಮತ್ತೆ ಓದಿಸಿದೆ. ಬಂಗಾಳ ಕೊಲ್ಲಿಯ ಒಂದು ಚಂಡಮಾರುತ ಪರದೆಯ ಮೇಲೆ ಸುರುಳಿ ಸುರುಳಿಯಾಗಿ ಮೂಡಿತು. ನಡುವಿನ ಕಣ್ಣೂ ಸ್ಪಷ್ಟ. ಆಸಿಲೋಸ್ಕೋಪಿನಲ್ಲಿ ಗೆರೆ ಕೂದಲಿನಷ್ಟೂ ಅಲುಗಲಿಲ್ಲ.

ನಿರ್ದೇಶಕರು ಚಪ್ಪಾಳೆ ತಟ್ಟಲು ಶುರು ಮಾಡಿದವರು, ಏನೋ ನೆನಪಾದವರಂತೆ ನಿಲ್ಲಿಸಿ, ಜಯರಾಮನ್ ಹತ್ತಿರ ಹೋಗಿ ಕೈ ಕುಲುಕಿದರು. ಜಯರಾಮನ್ ಆ ದಿನ ಮಾತಾಡಿದ್ದು ಒಂದೇ ವಾಕ್ಯ. "ಊಟಿಯವರಿಗೆ ತಿಳಿಸಿ" ಎಂದರು.

ಇದನ್ನು ಪ್ರಬಂಧವಾಗಿ ಪತ್ರಿಕೆಗೆ ಕಳಿಸುತ್ತಿದ್ದೇವೆ. ಲೇಖಕರು ಜಯರಾಮನ್, ನಾನು ಮತ್ತು ನೀವು. ಕೊನೆಯಲ್ಲಿ ವಂದನೆ ಹೇಳುವ ಸಾಲಿನಲ್ಲಿ ನಿಮ್ಮ ಹೆಸರಿದ್ದರೆ ಸಾಕೆಂದು ಒಬ್ಬರು ಸಲಹೆ ಕೊಟ್ಟರು. ಸಾಲದು ಎಂದೆ. ಈ ಸಲ ನಿಮ್ಮನ್ನು ಕೇಳಿಯೇ ಕಳಿಸುತ್ತೇನೆ. ಒಪ್ಪಿಗೆ ಬರೆಯಿರಿ.

ನಿಮ್ಮ ನಂದಿನಿ

*

ಲವ್‌ಡೇಲ್
30-3-97

ನಂದಿನಿ,

ನಿನ್ನ ಪತ್ರವನ್ನು ಲಿಂಗಮ್ಮನಿಗೆ ಓದಿ ಹೇಳಿದೆ. ಚಂಡಮಾರುತ ಬಂದ ಕಡೆ ಇನ್ನೊಂದು ಸಲ ಓದು ಎಂದಳು.

ಹೆಸರಿನ ವಿಷಯ. ನಾನು ಆ ಡಿಸ್ಕನ್ನು ಕಣ್ಣಿನಿಂದ ನೋಡಿಲ್ಲ, ಮುಟ್ಟಿಲ್ಲ. ಮಾಡದ ಕೆಲಸಕ್ಕೆ ಹೆಸರು ಬೇಡ. ನಾನು ಮಾಡಿದ್ದು ಮೂರು ದಿನದ ಓದು. ಅದು ನನ್ನದು. ನನ್ನ ಹೆಸರು ಬೇಕಾದರೆ ಆ ಅಳತೆಗಳು ಪೂರ್ತಿ ಅಚ್ಚಾಗಬೇಕು: ಯಾವ ಹೊತ್ತು, ಕೋಣೆಯ ಚಳಿ ಎಷ್ಟು, ಮುಚ್ಚಳ ಎಷ್ಟು ಸುತ್ತು. ಅಳತೆ ಇಲ್ಲದೆ ಬರಿ ಹೆಸರು ಹಾಕಿದರೆ ನಾನು ಒಪ್ಪುವುದಿಲ್ಲ.

ಓದಿ ಬರೆಸಿದವನು ನಾನು, ಬರೆದುಕೊಂಡವರು ಗಾಯತ್ರಿ ಮೇಡಂ ಎಂದೂ ಹಾಕು.

ಕರಿಯಣ್ಣ

*

ಪುಣೆ
6 ನವೆಂಬರ್ 1997

ಕರಿಯಣ್ಣ,

ಪತ್ರಿಕೆ ಬಂದಿದೆ, ಎರಡು ಪ್ರತಿ ಕಳಿಸುತ್ತಿದ್ದೇನೆ. ಒಂದು ನಿಮಗೆ, ಒಂದು ಗಾಯತ್ರಿ ಮೇಡಂಗೆ. ನಾಲ್ಕನೇ ಪುಟದಲ್ಲಿ ನಿಮ್ಮ ಕೋಷ್ಟಕ, ಒಂದು ಸಾಲೂ ಬಿಡದೆ. ಈಗಾಗಲೇ ಎರಡು ಕಡೆಯಿಂದ ಕೇಳಿ ಬರೆದಿದ್ದಾರೆ. ಒಬ್ಬರು ಜಪಾನಿನವರು, ಊಟಿಯ ಅಳತೆಗಳನ್ನು ತೆಗೆದವರು ಯಾವ ಸಂಸ್ಥೆಯವರು ಎಂದು ಕೇಳಿದ್ದಾರೆ. ನಿಮ್ಮ ಹಟ್ಟಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದೆ.

ಸಂಕ್ರಾಂತಿಗೆ ಬರುತ್ತೇನೆ. ಜಯರಾಮನ್ ಕೂಡ ಬರುತ್ತಾರಂತೆ. ಅವರಿಗೆ ಹಿಮ ನೋಡಬೇಕಂತೆ.

ನಿಮ್ಮ ನಂದಿನಿ

*

ಲವ್‌ಡೇಲ್
19-11-97

ನಂದಿನಿ,

ಪುಸ್ತಕ ತಲುಪಿತು. ಗಾಯತ್ರಿ ಮೇಡಂ ನನ್ನನ್ನು ಕಾಲೇಜಿಗೆ ಕರೆಸಿ, ತರಗತಿಯಲ್ಲಿ ಎಲ್ಲರ ಮುಂದೆ ಓದಿದರು. ಹುಡುಗರು ಎದ್ದು ನಿಂತರು. ನಾನು ಹೇಳಬೇಕಾದದ್ದನ್ನು ಆಮೇಲೆ ಹೇಳೋಣವೆಂದು ಸುಮ್ಮನಿದ್ದೆ.

ನಾಲ್ಕನೇ ಪುಟ, ಐದನೇ ಸಾಲು. ಮುಚ್ಚಳ ಅರೆ ಬಿಗಿ, ಎರಡನೇ ದಿನ, ಹತ್ತು ಗಂಟೆ. 0.52 ಎಂದು ಅಚ್ಚಾಗಿದೆ. ನಾನು ಓದಿದ್ದು 0.25. ಅಚ್ಚಿನವರು ಅಂಕಿ ತಿರುಗಿಸಿದ್ದಾರೆ. ಆ ಉಪಕರಣದ ಗೆರೆಗಳು ಐದೈದರ ಲೆಕ್ಕದಲ್ಲಿವೆ. ಐವತ್ತೆರಡು ಎಂಬುದು ಅದರಲ್ಲಿ ಇಲ್ಲವೇ ಇಲ್ಲ. ಅದನ್ನು ಕೈಯಲ್ಲಿ ಹಿಡಿದ ಯಾರಾದರೂ ನೋಡಿದರೆ ನಗುತ್ತಾರೆ. ಆ ಜಪಾನಿನವರು ಏನೆಂದುಕೊಂಡಾರು?

ಗಾಯತ್ರಿ ಮೇಡಂ ಹೇಳಿದರು, ಇಂಥದ್ದಕ್ಕೆ ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತಾರಂತೆ, ಲೇಖಕರಲ್ಲಿ ಯಾರಾದರೊಬ್ಬರು ಸಹಿ ಮಾಡಿ ಬರೆಯಬೇಕಂತೆ. "ನಂದಿನಿಯವರಿಗೆ ಹೇಳೋಣ, ಬರೀತಾರೆ" ಎಂದರು. ಬೇಡ ಎಂದೆ. ಮೇಡಂ ಇಂಗ್ಲಿಷಿನಲ್ಲಿ ಬರೆದುಕೊಟ್ಟರು, ಕೆಳಗೆ ನಾನೇ ಸಹಿ ಮಾಡಿ ಇವತ್ತು ಬೆಳಿಗ್ಗೆ ಲವ್‌ಡೇಲ್ ಅಂಚೆಯಲ್ಲಿ ಹಾಕಿ ಬಂದಿದ್ದೇನೆ. ನಿನಗೆ ಸುಮ್ಮನೆ ತಿಳಿಸುತ್ತಿದ್ದೇನೆ.

ಓದಿದವನು ನಾನು. ತಿದ್ದುವವನೂ ನಾನೇ ಆಗಬೇಕು.

ಕೆ. ಕರಿಯ